ಜೊತೆ ಪ್ರಯಾಣಿಕರ ಹೆಸರು

ಜನವರಿ 12

ಎಲೈ ಮಿಡತೆ,

ಓದುತ್ತಿದ್ದೀಯಾ, ಇಲ್ಲ ಎಂದಿನ ಹಾಗೆ ಕಣ್ಣು ಹಾಯಿಸಿ ಮಡಚಿಡುತ್ತೀಯಾ? ಕೂತುಕೊಂಡು ಓದು. ಕೈಯಲ್ಲಿರುವ ಫೋನು ಕೆಳಗಿಡು. ನಾಲ್ಕು ಪುಟದ ಕಾಗದ ಬರೆದಿದ್ದೀಯಲ್ಲ, ಅದರಲ್ಲಿ ಮೂರೂ ಮುಕ್ಕಾಲು ಪುಟ ಕಾರ್ಡಿನ ಪುರಾಣ. 'ಅಜ್ಜಿ, ಹೇಗಿದ್ದೀಯಾ' ಅನ್ನುವುದು ಕೊನೆಯ ಸಾಲು, ಅದೂ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ. ನಾನೂ ಅಂಚಿನಲ್ಲಿ ಅಡ್ಡಡ್ಡವೇ ಇದ್ದೇನೆ. ಸೊಂಟ ನೆಟ್ಟಗೆ ನಿಲ್ಲುವುದಿಲ್ಲ.

ಫೋನು ಮಾಡುತ್ತೇನೆ ಅನ್ನಬೇಡ. ಕಿವಿಗೆ ಇಟ್ಟುಕೊಂಡರೆ ಜೇನುಗೂಡಿಗೆ ತಲೆ ಕೊಟ್ಟ ಹಾಗಾಗುತ್ತದೆ. ಕಾಗದವೇ ಸರಿ. ದಿನ ಬಿಟ್ಟು ದಿನ ಶಾಲೆಗೆ ಹೋದವಳು ನಾನು, ಅದೂ ನಾಲ್ಕನೇ ಕ್ಲಾಸಿನವರೆಗೆ. ಆದರೂ ಅಕ್ಷರ ತಪ್ಪದೆ ಓದುತ್ತೇನೆ. ನಿನ್ನ ಕಾರ್ಡಿನ ಪುರಾಣವನ್ನು ಮೂರು ಸಲ ಓದಿದೆ.

ನನಗೆ ತಿಳಿದದ್ದು ಇಷ್ಟು. ತಿಂಗಳಿಗೆ ಆರು ಸಲ ವಿಮಾನ ಹತ್ತಿ ಆಸ್ಪತ್ರೆಗಳಿಗೆ ಸ್ಕ್ಯಾನ್ ಯಂತ್ರ ಕೂಡಿಸಲು ಹೋಗುತ್ತೀಯ. ಹೇಗೂ ಖರ್ಚಾಗುವ ದುಡ್ಡನ್ನು ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕಿನವರು ಏನಾದರೂ ಬಿಟ್ಟಿ ಕೊಡುತ್ತಾರೆ. ಬೂದು ಕಾರ್ಡು ತೆಗೆದುಕೊಂಡರೆ ಯಾವ ಕಂಪನಿಯ ವಿಮಾನಕ್ಕಾದರೂ ಅಂಕ ಸೇರುತ್ತದೆ, ಜೊತೆಗೆ ವಿಮಾನ ನಿಲ್ದಾಣದಲ್ಲಿ ಕೂರಲು ಮೆತ್ತನೆಯ ಸೋಫಾ, ತಿನ್ನಲು ತಟ್ಟೆ. ನೀಲಿ ಕಾರ್ಡಾದರೆ ಒಂದೇ ಕಂಪನಿಯ ವಿಮಾನ, ಸೋಫಾ ಇಲ್ಲ, ಆದರೆ ಎಂಟು ಸಲ ಹಾರಿದ ಮೇಲೆ ಜೊತೆಗೆ ಬರುವವರಿಗೆ ಒಂದು ಟಿಕೆಟ್ ಪುಕ್ಕಟೆ. ಇಷ್ಟಕ್ಕೆ ನಾಲ್ಕು ಪುಟವೇ? ಆಕಾಶಕ್ಕೆ ಹೋಗುವವಳಿಗೆ ನೆಲದ ಮೇಲೆ ಸೋಫಾ ಯಾಕೆ? ಚಪ್ಪಲಿ ಕೊಂಡರೂ ಅಂಕ, ಚಹಾ ಕುಡಿದರೂ ಅಂಕ. ನಮ್ಮ ಮೇಷ್ಟ್ರು ಅಂಕ ಕೊಡುವ ಮೊದಲು ಪಾಠವನ್ನಾದರೂ ಒಪ್ಪಿಸಿಕೊಳ್ಳುತ್ತಿದ್ದರು.

ನೀಲಿಯದೇ ತೆಗೆದುಕೋ. ಆ ಪುಕ್ಕಟೆ ಟಿಕೆಟ್ ನನಗೆ ಬೇಕು.

ನಿನ್ನ ದೊಡ್ಡಜ್ಜಿ, ನನ್ನ ಅಕ್ಕ, ಬಿದ್ದಿದ್ದಾಳಂತೆ. ಅವಳ ಬೀದಿಗೆ ಗುಂಡಿ, ದಾರ ಮಾರಲು ಹೋಗುವ ಏಜೆಂಟು ನಮ್ಮ ಕೆಳಗಿನ ಬೀಗದ ಅಂಗಡಿಗೆ ಬಂದಾಗ ಹೇಳಿದ. ಅರವತ್ತು ವರ್ಷದಿಂದ ವರ್ಷಕ್ಕೊಂದು ಕಾಗದ ಹಾಕಿದ್ದೇನೆ ಅವಳಿಗೆ. ಒಂದಕ್ಕೂ ಉತ್ತರವಿಲ್ಲ. ಅಷ್ಟು ಕೊಬ್ಬು. ಆದರೂ ಅವಳಿಗೆ ಎಂಬತ್ತು, ನನಗೆ ಎಪ್ಪತ್ತೆಂಟು. ಇಬ್ಬರಲ್ಲಿ ಒಬ್ಬಳು ಮಣ್ಣಿಗೆ ಹೋಗುವ ಮೊದಲು ನಾನು ಅವಳೆದುರು ಒಂದು ಸಲ ಕೂರಬೇಕು. ರೈಲಿನಲ್ಲಿ ಮೂರು ದಿನ. ಈ ಸೊಂಟ ಮೊದಲ ಸಂಜೆಯೇ ಬಿಟ್ಟುಕೊಡುತ್ತದೆ. ವಿಮಾನದಲ್ಲಿ ನಾಲ್ಕು ಗಂಟೆ ಅಂತೀಯ. ನನ್ನ ಪೆನ್ಷನ್ನಿನಲ್ಲೇ ಟಿಕೆಟ್ ಕೊಳ್ಳಬಹುದು ಅನ್ನುತ್ತೀಯೇನೋ. ಕೊಳ್ಳಬಹುದು. ಆದರೆ ಬಿಟ್ಟಿ ಸಿಗುವುದನ್ನು ಬಿಟ್ಟು ಗಂಟು ಬಿಚ್ಚುವ ಪೈಕಿ ನಾನಲ್ಲ.

ಅಜ್ಜಿ


ಫೆಬ್ರವರಿ 3

ಪ್ರೀತಿಯ ಅಜ್ಜಿ,

ಫೋನು ಕೆಳಗಿಟ್ಟೇ ಓದಿದೆ. ಎರಡು ಸಲ ಓದಿದೆ. ಸಾಕಾ?

ನೀನು ಗೆದ್ದೆ, ನೀಲಿ ಕಾರ್ಡಿಗೆ ಅರ್ಜಿ ಹಾಕಿದ್ದೇನೆ. ನನ್ನ ಜೊತೆ ಕೆಲಸ ಮಾಡುವವರೆಲ್ಲ ನಗುತ್ತಿದ್ದಾರೆ. ಇಷ್ಟು ಹಾರುವವಳು ಬೂದು ಬಿಟ್ಟು ನೀಲಿ ತೆಗೆದುಕೊಂಡಳಲ್ಲ ಅಂತ. ಅಜ್ಜಿಗೆ ಸೋಫಾ ಇಷ್ಟವಿಲ್ಲ ಅಂತ ಹೇಳಿದೆ.

ಒಂದು ನಿಯಮ ಇದೆ. ಜೊತೆ ಪ್ರಯಾಣಿಕರ ಹೆಸರನ್ನು ಮೊದಲೇ ಬರೆಸಬೇಕು, ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ. ಒಂದು ಸಲ ಬರೆಸಿದರೆ ಬದಲಾಯಿಸುವ ಹಾಗಿಲ್ಲ. ಆಗ ಹೊಳೆಯಿತು, ನಿನ್ನ ಹೆಸರು ನಾನು ಯಾವತ್ತೂ ಬರೆದೇ ಇಲ್ಲ! ಮನೆಯಲ್ಲಿ ಎಲ್ಲರಿಗೂ ನೀನು ಅಜ್ಜಿ, ಬೀದಿಯಲ್ಲೂ ಲಕೋಟೆಯ ಮೇಲೂ 'ಬಟ್ಟೆಮನೆ ಅಮ್ಮ'. ಅಮ್ಮ ನಿನ್ನ ಪೆನ್ಷನ್ ಪುಸ್ತಕದ ಫೋಟೊ ಕಳಿಸಿದಳು. ನೋಡಿ ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ ತುಂಬಿದೆ. ಒಳ್ಳೆಯ ಹೆಸರು ಅಜ್ಜಿ. ಯಾಕೆ ಯಾರೂ ಕರೆಯುವುದಿಲ್ಲ?

ಎಂಟು ಹಾರಾಟ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ನಾವಿಬ್ಬರೂ. ಕಿಟಕಿ ಪಕ್ಕದ ಸೀಟು ನಿನಗೆ, ಜಗಳ ಬೇಡ. ಏಪ್ರಿಲ್ ನಡುವೆ ದೊಡ್ಡಜ್ಜಿಯ ಊರಿನ ಆಸ್ಪತ್ರೆಯಲ್ಲೇ ಒಂದು ಯಂತ್ರ ಕೂಡಿಸುವುದಿದೆ. ಆಗ ಅವರನ್ನು ಕಂಡು, ನೀನು ಬರುವ ಸುದ್ದಿ ಹೇಳಿ ಬರಲಾ?

ನಿನ್ನ ಮಿಡತೆ


ಫೆಬ್ರವರಿ 20

ಮಿಡತೆ,

ಅಲ್ಲಿಗೆ ನನಗಿಂತ ಮೊದಲು ಕಾಲಿಡಬೇಡ. ಆಸ್ಪತ್ರೆಗೆ ಹೋದವಳು ಆಸ್ಪತ್ರೆಯ ಕೆಲಸ ಮುಗಿಸಿ ಬಾ. ಅವಳ ನಾಲಿಗೆ ನೆಟ್ಟಗಿಲ್ಲ. ಇದ್ದದ್ದಕ್ಕೂ ಇಲ್ಲದ್ದಕ್ಕೂ ಗಂಟು ಹಾಕುತ್ತಾಳೆ. ನಾನು ಪಕ್ಕದಲ್ಲಿದ್ದರೆ ಸರಿ.

ಹೆಸರು ಯಾಕೆ ಕರೆಯುವುದಿಲ್ಲ ಅಂತ ಕೇಳಿದ್ದೀಯ. ಆಸ್ಪತ್ರೆಯ ಬಟ್ಟೆಮನೆಯಲ್ಲಿ ಮೂವತ್ತೊಂದು ವರ್ಷ ಚಾದರ ಎಣಿಸಿದವಳನ್ನು ಬಟ್ಟೆಮನೆ ಅಮ್ಮ ಅನ್ನದೆ ಮಹಾರಾಣಿ ಅನ್ನುತ್ತಾರಾ? ಬೇಡದ ಪ್ರಶ್ನೆ ಕೇಳಬೇಡ.

ಕೈಚೀಲ ಹೊಲಿದಿಟ್ಟಿದ್ದೇನೆ. ಹಳೆಯ ಚಾದರದ ಬಟ್ಟೆ, ಗಟ್ಟಿ. ಮೂಲೆಯಲ್ಲಿ ಕೆಂಪು ದಾರದಲ್ಲಿ ಗುರುತು ಹಾಕಿದ್ದೇನೆ, ಕಳೆದುಹೋದರೆ ಸಿಗಲಿ ಅಂತ. ನಮ್ಮ ಮೂವತ್ತೆಂಟು ಮೆಟ್ಟಿಲನ್ನು ದಿನಕ್ಕೆರಡು ಸಲ ಹತ್ತಿ ಇಳಿದು ಕಾಲು ಪಳಗಿಸುತ್ತಿದ್ದೇನೆ. ಕೆಳಗಿನ ಮನೆಯ ಬ್ಯಾಂಕ್ ಗುಮಾಸ್ತ ನಿವೃತ್ತನಾದರೂ ಉಪದೇಶ ನಿವೃತ್ತವಾಗಿಲ್ಲ. ಬ್ಯಾಂಕಿನವರು ಬಿಟ್ಟಿ ಕೊಟ್ಟದ್ದನ್ನು ಎಲ್ಲಿಂದಲೋ ಕಿತ್ತುಕೊಂಡಿರುತ್ತಾರೆ ಅಂತ ಅವನ ವಾದ. ಇರಲಿ ಬಿಡು, ನನ್ನಿಂದ ಕಿತ್ತುಕೊಳ್ಳಲು ಏನಿದೆ ಅಂದೆ.

ಅಜ್ಜಿ


ಏಪ್ರಿಲ್ 28

ಅಜ್ಜಿಗೆ,

ಕಾಗದ ತಡವಾಯಿತು. ಕೆಲಸ ಹೆಚ್ಚು.

ಜೊತೆ ಟಿಕೆಟ್ ಬಂದಿದೆ. ಸೆಪ್ಟೆಂಬರ್ ಮುಗಿಯುವ ಮೊದಲು ಬುಕ್ ಮಾಡಬೇಕು, ಹಾರುವುದು ಮುಂದಿನ ಮಾರ್ಚ್ ಒಳಗೆ ಯಾವಾಗಲಾದರೂ ಆಗಬಹುದು. ಆದರೆ ಕೆಲವು ದಿನಗಳಿಗೆ ಈ ಟಿಕೆಟ್ ನಡೆಯುವುದಿಲ್ಲವಂತೆ. ಮೇ ಪೂರ್ತಿ ಇಲ್ಲ. ಜೂನ್ ಕೂಡ ಅನುಮಾನ. ನೀಲಿ ಕಾರ್ಡು ತೆಗೆದುಕೊಂಡದ್ದೇ ತಪ್ಪಾಯಿತೇನೋ ಅನ್ನಿಸುತ್ತಿದೆ. ಬೂದು ಕಾರ್ಡಿನಲ್ಲಿ ಈ ತೊಂದರೆ ಇರುತ್ತಿರಲಿಲ್ಲ, ಜೊತೆಗೆ ಅಂಕ ಬೇರೆ. ಅದಕ್ಕೂ ಒಂದು ಅರ್ಜಿ ಹಾಕಿ ನೋಡಲಾ ಅಂತ ಇದ್ದೇನೆ. ಅಲ್ಲಿಯವರೆಗೆ ನೀನು ಅವಸರ ಮಾಡಬೇಡ.

ಬೇಸಿಗೆ. ಮೆಟ್ಟಿಲು ಜಾಸ್ತಿ ಹತ್ತಬೇಡ.

ಮೊಮ್ಮಗಳು


ಮೇ 14

ಮೊಮ್ಮಗಳೇ,

ಮಿಡತೆ ಅಂತ ಬರೆಯುವುದನ್ನೂ ಬಿಟ್ಟೆಯಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ ನಿನ್ನ ಕಾಗದ. ಅತ್ತಲೂ ಬೆಳಕಿಲ್ಲ, ಇತ್ತಲೂ ಬೆಳಕಿಲ್ಲ.

ಗುಮಾಸ್ತನ ಕೈಲಿ ಅವನ ಫೋನಿನಲ್ಲಿ ನೋಡಿಸಿದೆ. ಮೇ ತಿಂಗಳಲ್ಲಿ ಆ ಟಿಕೆಟ್ ನಡೆಯುತ್ತದೆ. ಜೂನಿನಲ್ಲೂ ನಡೆಯುತ್ತದೆ. ಅವನು ತಲೆ ಕೆರೆದುಕೊಂಡು, "ನಿಮ್ ಮೊಮ್ಮಗಳು ಓದಿದ್ದು ತಪ್ಪಾಗಿದೆ ಅಜ್ಜಿ" ಅಂದ. ಅವಳು ಓದುವುದರಲ್ಲಿ ತಪ್ಪುವುದಿಲ್ಲ, ಬರೆಯುವುದರಲ್ಲಿ ತಪ್ಪಿದ್ದಾಳೆ ಅಂದೆ.

ಹುಡುಗ ಯಾರು? ನೆಟ್ಟಗೆ ಹೇಳು. ಆ ಸೀಟಿನಲ್ಲಿ ಯಾರನ್ನೋ ಕೂರಿಸಿಕೊಂಡು ಎಲ್ಲಿಗೋ ಹೋಗಿ ಬಂದಿದ್ದೀಯ. ಜೊತೆಗಾರ ಅಂದರೆ ಏನು ಅಂತ ನನಗೂ ಗೊತ್ತು, ನಾನೂ ಗಂಡನ ಜೊತೆ ಬಾಳಿದವಳು. ಹೋಗು, ಬೇಡ ಅನ್ನಲಿಲ್ಲ. ಆದರೆ ಹೆಸರು ಬದಲಾಯಿಸುವ ಹಾಗಿಲ್ಲ ಅಂತ ನನಗೆ ಬರೆದು, ಅವನಿಗೆ ಹೇಗೆ ಬದಲಾಯಿಸಿದೆ? ಎಂಬತ್ತರ ಹತ್ತಿರದ ಮುದುಕಿಗೆ ಕಿಟಕಿ ಸೀಟಿನ ಆಸೆ ತೋರಿಸಿ ಅದನ್ನು ಇನ್ನೊಬ್ಬನಿಗೆ ಕೊಟ್ಟೆಯಲ್ಲ. ಒಬ್ಬರಿಗೆ ಸೇರಿದ್ದನ್ನು ಇನ್ನೊಬ್ಬರಿಗೆ ಕೊಡುವವರನ್ನು ಏನನ್ನುತ್ತಾರೆ ಗೊತ್ತಾ?

ನಿನ್ನ ಪುಕ್ಕಟೆ ನಿನಗೇ ಇರಲಿ. ಪೆನ್ಷನ್ ಗಂಟು ಬಿಚ್ಚಿದ್ದೇನೆ. ಗುಮಾಸ್ತ ಜೂನ್ 20ಕ್ಕೆ ನನಗೆ ಟಿಕೆಟ್ ತೆಗೆಸಿದ್ದಾನೆ. ಒಬ್ಬಳೇ ಹೋಗುತ್ತೇನೆ. ಅವಳೆದುರು ಕೂತು ಬರುತ್ತೇನೆ.

ಅಜ್ಜಿ


ಜೂನ್ 2

ಅಜ್ಜಿ,

ಹುಡುಗ ಯಾರೂ ಇಲ್ಲ. ಇದ್ದಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು.

ನೀನು ಬೇಡ ಅಂದರೂ ಏಪ್ರಿಲ್ 16ರಂದು ದೊಡ್ಡಜ್ಜಿಯನ್ನು ಕಂಡೆ. ಬಂದ ಮೇಲೆ ಏನು ಬರೆಯುವುದೆಂದು ತಿಳಿಯದೆ ಕಾರ್ಡಿನ ನಿಯಮವನ್ನು ಅಡ್ಡ ಇಟ್ಟೆ. ಸುಳ್ಳು ಬರೆದದ್ದು ನನ್ನ ತಪ್ಪು.

ಅವರಿರುವುದು ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಒಂದು ಕಿಟಕಿ, ಒಂದು ಮಂಚ, ಡಬ್ಬದ ತುಂಬ ಗುಂಡಿ. ಈಗಲೂ ದಿನಕ್ಕೆ ಇಪ್ಪತ್ತು ಅಂಗಿಗೆ ಗುಂಡಿ ಹಚ್ಚುತ್ತಾರೆ. ನೋಡದೆ ಸೂಜಿಗೆ ದಾರ ಪೋಣಿಸುತ್ತಾರೆ. ನನ್ನ ಕೈ ಹಿಡಿದು ತಿರುಗಿಸಿ, "ಹೆಬ್ಬೆರಳು ಅವಳದೇ" ಅಂದರು. ನಾನು ಯಾರೆಂದು ಹೇಳುವ ಮೊದಲೇ.

ಬಿದ್ದಾಗ ಅಂಗಡಿಯ ದರ್ಜಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದನಂತೆ. ಗುರುತಿನ ಚೀಟಿ ಕೇಳಿದರು. ಇಲ್ಲ. ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ನಾನು ಅವರನ್ನು ಕಂಡ ದಿನ ಬೆಳಗ್ಗೆ ಯಂತ್ರ ಕೂಡಿಸಿದ್ದೂ ಅದೇ ಆಸ್ಪತ್ರೆಯಲ್ಲಿ, ಅಜ್ಜಿ. ಆ ಕೋಣೆಯಿಂದ ಎರಡು ಬೀದಿ ಆಚೆ. ಹೊಸ ಯಂತ್ರ, ಮೂಳೆಯ ಕೂದಲಿನಷ್ಟು ಬಿರುಕನ್ನೂ ತೋರಿಸುತ್ತದೆ. ಅದರೊಳಗೆ ಮಲಗಲು ಅವರಿಗೊಂದು ಹೆಸರಿನ ಚೀಟಿ ಬೇಕು.

ನಾನೇ ಅರ್ಜಿ ತುಂಬುತ್ತೇನೆ ಅಂತ ಕಾಗದ ತೆಗೆದು ಹೆಸರು ಕೇಳಿದೆ. ಅವರು ನಕ್ಕರು.

"ನನ್ ಹೆಸ್ರಾ? ನಿಮ್ಮಜ್ಜಿ ಹತ್ರ ಇದೆ. ಬಟ್ಟೆಮನೇಲಿ ಮಡಚಿ ಇಟ್ಕೊಂಡಿದಾಳೆ, ಕೇಳು."

ಆಮೇಲೆ ಹೆಸರು ಹೇಳಿದರು. ನೀಲಿ ಕಾರ್ಡಿನ ಅರ್ಜಿಯಲ್ಲಿ ನಾನು ಚೌಕ ಚೌಕವಾಗಿ ತುಂಬಿದ ಹೆಸರು. ಅಕ್ಕತಂಗಿಯರಿಗೆ ಒಂದೇ ಹೆಸರು ಇಡುತ್ತಾರಾ ಅಂತ ಕೇಳಿದೆ.

"ಇಡಲ್ಲ. ಅಪ್ಪ ಶಾಲೇಲಿ ಒಬ್ಳ ಹೆಸ್ರು ಮಾತ್ರ ಬರೆಸಿದ. ಇಬ್ರನ್ನೂ ಕಳಿಸಿದ್ರೆ ಮನೆ ಕೆಲ್ಸಕ್ಕೆ ಯಾರು? ಸೋಮವಾರ ನಾನು, ಮಂಗಳವಾರ ಅವಳು. ಮೇಷ್ಟ್ರ ಪಟ್ಟೀಲಿ ಇಬ್ರೂ ಸೇರಿ ಒಂದೇ ಹುಡುಗಿ. ಶಾಲೆ ಮುಗಿದ್ಮೇಲೆ ವಾರ ಪೂರ್ತಿ ಅವಳದೇ ಆಯ್ತು."

ನಿನ್ನ ಕಾಗದಗಳು ಮಂಚದ ಕೆಳಗಿವೆ, ಎಲ್ಲವೂ. ಮೇಲಿನದನ್ನು ತೆಗೆದು ಓದಿ ತೋರಿಸಿದರು. 'ಅಕ್ಕ' ಅಂದರು, ಆಮೇಲೆ ಬೆರಳು ಒಂದಷ್ಟು ಜಾಗ ಸುಮ್ಮನೆ ಸರಿಯಿತು, 'ಮ' ಅಂದರು, 'ಸ್ಕಾ' ಅಂದರು, ಮತ್ತೆ ಸುಮ್ಮನೆ. ಹಲ್ಲು ಮುರಿದ ಬಾಚಣಿಗೆಯಲ್ಲಿ ತಲೆ ಬಾಚಿದ ಹಾಗೆ. ಅವರ ದಿನದ ಅಕ್ಷರ ಬರುತ್ತದೆ, ನಿನ್ನ ದಿನದ್ದು ಬರುವುದಿಲ್ಲ. ಕೊಬ್ಬಲ್ಲ ಅಜ್ಜಿ. ಕೆಳಗಿನ ಕಾಗದವನ್ನು ನಾನು ಓದಿದೆ, ನಿನ್ನ ಮೊದಲನೆಯದು. 'ಇದನ್ನು ಯಾರ ಕೈಲೂ ಓದಿಸಬೇಡ' ಅಂತ ಬರೆದಿದ್ದೀಯ. ಆ ಸಾಲು ಅವರಿಗೆ ಓದಲು ಬಂದಿರಲಿಲ್ಲ. ಆದರೂ ಯಾರ ಕೈಲೂ ಓದಿಸಿಲ್ಲ.

ನೀನು ಬರಬೇಕೆಂದಿದ್ದೀಯ ಅಂತ ಹೇಳಿದೆ. ಒಂದು ಅಂಗಿಯ ಗುಂಡಿ ಪೂರ್ತಿ ಹಚ್ಚಿ, ದಾರ ಕಡಿದು, ಆಮೇಲೆ ಮಾತಾಡಿದರು.

"ಬೇಡ ಅನ್ನು. ಯಾವ ಹೆಸ್ರಲ್ಲಿ ಬರ್ತಾಳೆ?"

ನನಗೂ ಅದೇ ಬೇಕಾಗಿದೆ. ನಾನು ತುಂಬಿದ ಹೆಸರು ಯಾರದು?

ಮೊಮ್ಮಗಳು


ಸೆಪ್ಟೆಂಬರ್ 9, ಮಂಗಳವಾರ

ಮಿಡತೆ,

ಜೂನ್ 20ರ ವಿಮಾನ ನನ್ನನ್ನು ಬಿಟ್ಟೇ ಹೋಯಿತು. ಚೀಲ ತುಂಬಿಸಿಕೊಂಡು ಮೆಟ್ಟಿಲಿನ ತಲೆಯಲ್ಲಿ ನಿಂತಿದ್ದೆ. ಗುಮಾಸ್ತ ಟ್ಯಾಕ್ಸಿ ತಂದು ಕೆಳಗಿನಿಂದ ಕೂಗಿದ. ಇಳಿಯಲಿಲ್ಲ. ಸೊಂಟ ಅಂದೆ. ಸೊಂಟವಲ್ಲ.

ಮೂರು ತಿಂಗಳು ನಿನಗೆ ಬರೆಯಲಿಲ್ಲ. ಮನಸ್ಸಿನಲ್ಲೇ ಬರೆದು ಹರಿದು ಹಾಕುತ್ತಿದ್ದೆ. ಅವಳ ನಾಲಿಗೆ ನೆಟ್ಟಗಿಲ್ಲ ಅಂತ ಫೆಬ್ರವರಿಯಲ್ಲಿ ಬರೆದಿದ್ದೆನಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡವಳು ನಾನು.

ಹೆಸರು ಅವಳದು. ಇಷ್ಟೇ ಕೇಳಿದ್ದು ನೀನು. ಉಳಿದದ್ದನ್ನೂ ಕೇಳು.

ಆಸ್ಪತ್ರೆಯ ಬಟ್ಟೆಮನೆಗೆ ನಾಲ್ಕನೇ ಕ್ಲಾಸು ಮುಗಿಸಿದವರು ಬೇಕು ಅಂತ ಕರೆದಿದ್ದರು. ಸರ್ಟಿಫಿಕೇಟು ಒಂದು, ಹುಡುಗಿಯರು ಇಬ್ಬರು. ದೊಡ್ಡವಳು ಹೋಗಲಿ ಅಂತ ಅಪ್ಪ ಹೇಳಿದ. ಅವಳು ಹಿಂದಿನ ದಿನವೇ ಇದ್ದ ಒಂದು ಒಳ್ಳೆಯ ಬಟ್ಟೆ ಒಗೆದು ಒಣಗಿಸಿದಳು. ಬೆಳಗ್ಗೆ ಅವಳು ನೀರಿಗೆ ಹೋದಾಗ ಆ ಬಟ್ಟೆ ಉಟ್ಟುಕೊಂಡು, ಸರ್ಟಿಫಿಕೇಟು ತೆಗೆದುಕೊಂಡು ನಾನು ಹೋದೆ. ಅವತ್ತು ಮಂಗಳವಾರ. ಮಂಗಳವಾರ ನನ್ನ ದಿನ. ಅರವತ್ತು ವರ್ಷ ಇದೊಂದೇ ಮಾತು ಹೇಳಿಕೊಂಡು ನಿದ್ದೆ ಮಾಡಿದ್ದೇನೆ. ಈಗಲೂ ಹೇಳುತ್ತೇನೆ, ಅರ್ಧ ಪಾಠ ನಾನು ಕಲಿತದ್ದು, ಅರ್ಧ ಸರ್ಟಿಫಿಕೇಟು ನನ್ನದು. ಆದರೆ ಅರ್ಧ ಕೆಲಸ ಅಂತ ಇರುವುದಿಲ್ಲ, ಅರ್ಧ ಪೆನ್ಷನ್ ಅಂತ ಇರುವುದಿಲ್ಲ.

ಇನ್ನೂ ಒಂದಿದೆ. ಅವಳ ದಿನ ಶಾಲೆಯಲ್ಲಿ ಹೇಳಿದ್ದನ್ನು ಅವಳು ಸಂಜೆ ನೆಲದ ಮೇಲೆ ಬರೆದು ನನಗೆ ಕಲಿಸುತ್ತಿದ್ದಳು. ನನ್ನ ದಿನದ್ದನ್ನು ಅವಳಿಗೆ ಕಲಿಸಲು ನಾನು ಮರೆಯುತ್ತಿದ್ದೆ. ಮರೆಯುತ್ತಿದ್ದೆ ಅಂತ ಬರೆದೆ ನೋಡು. ಮರೆಯುತ್ತಿರಲಿಲ್ಲ. ಅವಳಿಗಿಂತ ಒಂದಾದರೂ ಹೆಚ್ಚು ಇರಲಿ ನನಗೆ ಅಂತ ಇಟ್ಟುಕೊಳ್ಳುತ್ತಿದ್ದೆ. ಮೇಷ್ಟ್ರು ದಿನಕ್ಕೊಂದು ಸಾಲು ಹೇಳುತ್ತಿದ್ದರು. ಕ ಸಾಲು ಅವಳದು, ಚ ಸಾಲು ನನ್ನದು. ಟ ಅವಳದು, ತ ನನ್ನದು. ಪ ಅವಳದು, ಯ ನನ್ನದು. ಸ, ಹ ಇರುವ ಕೊನೆಯ ಸಾಲು ಅವಳದು. ಅ, ಆ, ಕಾಗುಣಿತದ ಗುರುತು ಮಾತ್ರ ಮನೆಯಲ್ಲೇ ಅಪ್ಪ ಇಬ್ಬರಿಗೂ ಹೇಳಿಕೊಟ್ಟದ್ದು. 'ಅಕ್ಕ' ಅಂತ ಬರೆಯಲು ನನಗೆ ಅವಳು ಕಲಿಸಿದಳು. 'ತಂಗಿ' ಅಂತ ಬರೆಯಲು ನಾನು ಅವಳಿಗೆ ಕಲಿಸಲಿಲ್ಲ.

ಅವಳೆದುರು ಯಾಕೆ ಕೂರಬೇಕು ಅಂತ ನೀನು ಕೇಳಲೇ ಇಲ್ಲ. ಪ್ರೀತಿ ಅಂದುಕೊಂಡೆಯಾ? ಹುಟ್ಟಿದಾಗ ನನಗೂ ಒಂದು ಹೆಸರು ಇಟ್ಟಿದ್ದರು. ಯಾವ ಪುಸ್ತಕದಲ್ಲೂ ಅದನ್ನು ಯಾರೂ ಬರೆಯಲಿಲ್ಲ. ನಿನ್ನ ತಾತನಿಗೂ ಗೊತ್ತಿರಲಿಲ್ಲ, ನಿನ್ನ ಅಮ್ಮನಿಗೂ ಗೊತ್ತಿಲ್ಲ. ಅದನ್ನು ಕರೆಯಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಾಳೆ. ಒಂದು ಸಲ ಕರೆಸಿಕೊಂಡು ಬರೋಣ ಅಂತಿದ್ದೆ. ಬಯ್ದಾದರೂ ಕರೆಯಲಿ ಅಂತ.

ಈ ಲಕೋಟೆಯಲ್ಲಿ ಮಡಚಿಟ್ಟಿರುವುದು ಆ ಸರ್ಟಿಫಿಕೇಟು. ಮಡಿಕೆಯಲ್ಲಿ ಹರಿದಿದೆ, ಜೋಪಾನ. ಅವಳಿಗೆ ಕೊಟ್ಟು, ಅದನ್ನಿಟ್ಟುಕೊಂಡು ಗುರುತಿನ ಚೀಟಿ ಮಾಡಿಸು, ನಿನ್ನ ಯಂತ್ರದೊಳಗೆ ಮಲಗಿಸು. ಗುಮಾಸ್ತನಿಗೆ ಎಲ್ಲ ಹೇಳಿದೆ. "ಒಂದೇ ಹೆಸ್ರಲ್ಲಿ ಇಬ್ರು ಎದ್ದು ನಿಂತ್ರೆ ನಿಮ್ ಪೆನ್ಷನ್ ನಿಲ್ಲುತ್ತೆ ಅಜ್ಜಿ, ಕೇಸೂ ಆಗಬಹುದು" ಅಂದ. ನಿಲ್ಲಲಿ. ನಿನ್ನ ಅಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಬಾಯಿ ಬಿಟ್ಟು, ನಾವು ತಿಂದದ್ದೆಲ್ಲ ದೊಡ್ಡಮ್ಮನ ಅನ್ನವಾ ಅಂತ ಕೇಳಿದಳು. ಹೌದು ಅಂದೆ. ಮತ್ತೆ ಮಾತು ಬಿಟ್ಟಿದ್ದಾಳೆ.

ಇನ್ನು ನಿನ್ನ ನೀಲಿ ಕಾರ್ಡು. ಅದರಲ್ಲಿ ಬರೆಸಿದ ಹೆಸರು ಬದಲಾಯಿಸುವ ಹಾಗಿಲ್ಲವಲ್ಲ, ಬದಲಾಯಿಸುವುದೂ ಬೇಡ. ಸರಿಯಾದ ಹೆಸರೇ ಇದೆ. ಯಾರು ಕೂರಬೇಕು ಅನ್ನುವುದು ಅವಳ ಬಾಯಿಗೆ ಬಿಟ್ಟದ್ದು. 'ಬಾ' ಅಂದರೆ ಕೊನೆಯ ಸಲ ಆ ಹೆಸರು ಹೊತ್ತು ನಾನು ಬರುತ್ತೇನೆ. 'ಬೇಡ' ಅಂದರೆ ಟಿಕೆಟ್ ಅವಳದೇ. ಚೀಟಿ ಬಂದ ಮೇಲೆ ಅವಳನ್ನು ಎಲ್ಲಿಗೆ ಬೇಕಾದರೂ ಹಾರಿಸು. ನನ್ನ ಕಡೆಗೆ ಬೇಡವಾದರೆ ಬೇರೆ ದಿಕ್ಕಿಗೆ.

ಆದರೆ ನಿನ್ನ ಬಾಯಲ್ಲಿ ಹೇಳಿ ಕಳಿಸುವುದು ಬೇಡ. ಅವಳ ಕೈಯಲ್ಲಿ ಬರೆಸು. ಬರೆಯಲು ಬರುವುದಿಲ್ಲ ಅಂತ ನೆಪ ಹೇಳಿದರೆ ಬಿಡಬೇಡ. 'ಬಾ'ಗೂ, 'ಬೇಡ'ಕ್ಕೂ ಅವಳ ದಿನದ ಅಕ್ಷರಗಳೇ ಸಾಕು, ಲೆಕ್ಕ ಹಾಕಿ ನೋಡಿದ್ದೇನೆ. ಅರವತ್ತು ವರ್ಷದಿಂದ ಎರಡೂ ಬರೆಯಲು ಬರುತ್ತಿತ್ತು ಅವಳಿಗೆ. ಎರಡನ್ನೂ ಬರೆಯಲಿಲ್ಲ. ನಾನೊಬ್ಬಳೇ ಅಲ್ಲ ಕಲ್ಲು.

ತಪ್ಪಾಯಿತು ಅಂತ ಬರೆಯಲು ನನ್ನಿಂದ ಆಗುವುದಿಲ್ಲ. ಆ ಪಾಠ ನಡೆದ ದಿನ ಇಬ್ಬರೂ ಶಾಲೆಗೆ ಹೋಗಿರಲಿಲ್ಲ ಅಂತ ಕಾಣುತ್ತದೆ. ಸರ್ಟಿಫಿಕೇಟಿನ ಕೆಳಗೆ ಮೂರು ಹಾಳೆ ಇಟ್ಟಿದ್ದೇನೆ. ಒಂದರಲ್ಲಿ ಚ ಸಾಲು, ಒಂದರಲ್ಲಿ ತ ಸಾಲು, ಒಂದರಲ್ಲಿ ಯ ಸಾಲು. ಅವಳ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆದಿದ್ದೇನೆ, ಕೆಂಪು ಬಣ್ಣದಲ್ಲಿ. ತ ಸಾಲನ್ನು ಮೊದಲು ಕೊಡು. ಬಾ ಅನ್ನಲಿ, ಬೇಡ ಅನ್ನಲಿ, ಕಾಗದದ ತಲೆಯಲ್ಲಿ ಯಾರಿಗೆ ಅಂತ ಬರೆಯಬೇಕಲ್ಲ. ಅದಕ್ಕೆ ಆ ಹಾಳೆ ಬೇಕಾಗುತ್ತದೆ.

ಆ ಟಿಕೆಟ್ ಸೆಪ್ಟೆಂಬರ್ ಕೊನೆಗೆ ಸಾಯುತ್ತದೆ ಅಂತ ನೀನೇ ಬರೆದಿದ್ದೀಯ. ಸಬೂಬು ಹೇಳಬೇಡ, ಬೂದು ಕಾರ್ಡಿನ ಕಥೆ ಹೇಳಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು ಅವಳ ಕೈಬರಹದ ಉತ್ತರ ನನ್ನ ಮೂವತ್ತೆಂಟನೆಯ ಮೆಟ್ಟಿಲಿಗೆ ಬಂದು ಬಿದ್ದಿರಬೇಕು.